ದಮ್ಯಾನ ಲಿಫ್ಟು ಹತ್ತಿದಳು

ಕೈರೋದ ಹಳೆ ಕಟ್ಟಡಗಳಿಗೆ ಎರಡು ದಾರಿ. ಮುಂದೆ ಕನ್ನಡಿ ಹಾಕಿದ ಲಿಫ್ಟು. ಹಿಂದೆ, ಅಡುಗೆಮನೆಗಳ ಬೆನ್ನಿಗೆ ಅಂಟಿಕೊಂಡು ಸುತ್ತಿ ಸುತ್ತಿ ಏರುವ ಕಬ್ಬಿಣದ ಮೆಟ್ಟಿಲು. ಅದು ಕಸ ಎತ್ತುವ ನಮಗೆ. ಮೊದಲು ಮೆಟ್ಟಿಲು ಬೇರೆ ಮಾಡಿದರು, ಆಮೇಲೆ ‘ಇವರು ನಾರುತ್ತಾರೆ’ ಎಂದರು. ಕಳಂಕವನ್ನು ಕಟ್ಟಿದವನು ಮೇಸ್ತ್ರಿ. ಮೂಗು ತಡವಾಗಿ ಬಂದು ಸೇರಿಕೊಂಡಿತು.

ನಮ್ಮ ಮುಕತ್ತಮ್ ಕೇರಿಯ ದಮ್ಯಾನ ಶುಬ್ರಾ ಬಡಾವಣೆಯ ಎಂಟಂತಸ್ತಿನ ಕಟ್ಟಡವೊಂದನ್ನು ಮೂವತ್ತು ವರ್ಷ ಹೀಗೇ ಹತ್ತಿದಳು. ಈ ವರ್ಷ ಮಂಡಿ ಕೈಕೊಟ್ಟಿತು. ಹತ್ತದಿದ್ದರೆ ಕಟ್ಟಡ ಬೇರೆಯವರ ಪಾಲು, ಹೊಟ್ಟೆಗೆ ತಣ್ಣೀರು ಬಟ್ಟೆ.

“ಇದ್ರೀಸ್ ಕಾಕಾ, ಇವತ್ತು ಲಿಫ್ಟಲ್ಲಿ ಹೋಗ್ತೀನಿ” ಎಂದಳು ಬಾಗಿಲ ಕಾವಲುಗಾರನಿಗೆ.

“ತಲೆ ಕೆಟ್ಟಿದ್ಯಾ ಆಬಾನೂಬನ ತಾಯೀ? ಲಿಫ್ಟು ನಾರಿದ್ರೆ ಎಂಟನೇ ಅಂತಸ್ತಿನ ಇಂಜಿ ಮೇಡಂ ನನ್ನ ಚರ್ಮ ಸುಲೀತಾರೆ” ಎಂದ ಅವನು, ಎಲ್ಲರಂತೆ ಅವಳನ್ನು ಮಗನ ಹೆಸರಿನಿಂದಲೇ ಕರೆದು.

“ಸ್ನಾನ ಮಾಡಿ ಬಂದಿದೀನಿ. ಬೇಕಾದ್ರೆ ಮೂಸಿ ನೋಡು.”

“ಥೂ, ನನ್ನ ಹೆಂಡ್ತಿಗೆ ಗೊತ್ತಾದ್ರೆ!”

ದಮ್ಯಾನ ನಕ್ಕಳು, ಬುಟ್ಟಿ ಬೋರಲು ಹಾಕಿ ಬಾಗಿಲಲ್ಲೇ ಕೂತಳು. “ಹಂಗಾದ್ರೆ ಅವರ ಕಸ ಅವರೇ ಇಳಿಸ್ಕೊಂಡು ಬರ್ಲಿ.”

ದಿನ ನೋಡಿಯೇ ಕೂತಿದ್ದಳು. ಹಿಂದಿನ ದಿನ ಶಮ್ಮುನ್ನಸೀಮ್, ವಸಂತದ ಹಬ್ಬ. ಅವತ್ತು ಮಸೀದಿಯವರು, ಚರ್ಚಿನವರು ಎನ್ನದೆ ಊರಿಗೆ ಊರೇ ಫಸೀಖ್ ತಿನ್ನುತ್ತದೆ. ಉಪ್ಪಲ್ಲಿ ಕೊಳೆಸಿದ ಮೀನು, ತಿನ್ನುವಾಗ ಸ್ವರ್ಗ, ಮಾರನೆಯ ದಿನ ಹೆಣ. ಎರಡು ದಿನ ಎಲ್ಲರೂ ಕಸ ಮನೆಯಲ್ಲೇ ಇಟ್ಟುಕೊಂಡು ತಡೆದರು. ಮೂರನೆಯ ದಿನ ಚೀಲ ಹಿಡಿದು ಲಿಫ್ಟಿನಲ್ಲಿ ಇಳಿದರು. ಕಟ್ಟಡದ ದಂತವೈದ್ಯರೊಬ್ಬರ ಚೀಲ ಸೋರಿ ಮೀನಿನ ನೀರು ಲಿಫ್ಟಿನ ನೆಲವೆಲ್ಲ ಹರಿಯಿತು. ಇದ್ರೀಸ್ ಫಿನಾಯಿಲ್ ಸುರಿದು ಸುರಿದು ಸೋತ.

ಕೊನೆಗೆ ಇಂಜಿ ಮೇಡಂ ಕಸದ ಚೀಲ ಹಿಡಿದು, ಮೂಗು ಮುಚ್ಚಿಕೊಂಡು ಲಿಫ್ಟಿನಿಂದ ಹೊರಬಂದರು. “ಥೂ! ಯಾವ ಕೊಳಕರು ಇದ್ರಲ್ಲಿ ಓಡಾಡಿದ್ದು?”

“ನಾನಂತೂ ಹತ್ತೇ ಇಲ್ಲ ಮೇಡಂ” ಎಂದಳು ದಮ್ಯಾನ. “ಕಾಕಾನ್ನೇ ಕೇಳಿ.”

ಇದ್ರೀಸನಿಗೆ ನಗು ತಡೆಯಲಾಗಲಿಲ್ಲ. ಮೇಡಂ ತಮ್ಮ ಕೈಯಲ್ಲಿದ್ದ ಚೀಲವನ್ನೇ ನೋಡಿದರು.

“ನಾಳೆಯಿಂದ ಲಿಫ್ಟಲ್ಲೇ ಬಾ.”

“ಬುಟ್ಟಿ?”

“ಬುಟ್ಟೀನೂ!”

ಕರುಣೆಯೇನಲ್ಲ, ತಮ್ಮ ಕಸ ತಾವು ಹೊರಲಾಗಲಿಲ್ಲ. ನಮಗೆ ಅಷ್ಟೇ ಸಾಕು.

ಮಾರನೆಯ ದಿನ ದಮ್ಯಾನ ಲಿಫ್ಟಿನ ಕನ್ನಡಿಯಲ್ಲಿ ತಲೆವಸ್ತ್ರ ಸರಿಮಾಡಿಕೊಂಡಳು. ಮೇಡಂ ಮನೆಯ ತರಕಾರಿ ಹೊತ್ತ ಇದ್ರೀಸ್ ಹಿಂದಿನ ಮೆಟ್ಟಿಲ ಕಡೆ ಹೊರಟಿದ್ದ. ಹತ್ತೊಂಬತ್ತು ವರ್ಷದಿಂದ ಅವನ ದಾರಿಯೂ ಅದೇ.

“ಎಲ್ಲಿಗೆ ಹೊರಟೆ ಕಾಕಾ? ಬಾ ಒಳಗೆ.”

“ನಾನು... ಲಿಫ್ಟಲ್ಲಾ?”

“ಹತ್ತು ಮಾರಾಯ. ಮೂಗು ಮಾತ್ರ ಮುಚ್ಕೋ. ಮೇಲಿನ ಮನೆಗಳವರ ವಾಸನೆ ಇನ್ನೂ ಹೋಗಿಲ್ಲ.”