ಗೇಟಿನ ಪಕ್ಕದ ಈಚಲು

ಬನಶಂಕರಿ ಮಾರ್ಕೆಟ್ಟಿನಿಂದ ತಂದ ಈಚಲು ಪೊರಕೆಯನ್ನು ಇವತ್ತು ಬೆಳಿಗ್ಗೆ ಬಿಚ್ಚಿದೆ. ಒಣಗರಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಓನರ್ ಅಜ್ಜಿ ನೆನಪಾದರು.

ಪುಟ್ಟೇನಹಳ್ಳಿಯ ಅವರ ಮನೆಯ ಮಹಡಿಗೆ ನಾವು ಬಾಡಿಗೆಗೆ ಬಂದು ಹತ್ತು ವರ್ಷದ ಮೇಲಾಯಿತು. ಕೆಳಗೆ ಅಜ್ಜಿ ಇದ್ದರು. ಮನೆ ನಿಂತಿರುವ ಜಾಗ ಒಂದು ಕಾಲಕ್ಕೆ ಅವರದೇ ರಾಗಿ ಹೊಲ. ಬದುವಿನ ತುಂಬ ಈಚಲು ಮರಗಳಿದ್ದವಂತೆ. ಹೊಲ ಸೈಟುಗಳಾದಾಗ ಒಂದೂ ಉಳಿಯಲಿಲ್ಲ. ಸಾಯುವುದರೊಳಗೆ ಗೇಟಿನ ಪಕ್ಕ ಒಂದಾದರೂ ಈಚಲು ನಿಲ್ಲಬೇಕೆಂಬುದು ಅವರ ಆಸೆ. ನೆಂಟರ ಊರಿನಿಂದ ಬೀಜ ತರಿಸಿ, "ನಂಗೆ ಬಗ್ಗಕ್ಕಾಗಕಿಲ್ಲ, ನೀನೇ ಬೆಳ್ಸ್ಕೊಡವ್ವ" ಎಂದು ನನ್ನ ಕೈಗೆ ಕೊಟ್ಟರು.

ನಾನೋ ಅತಿಬುದ್ಧಿವಂತೆ. ತಿಂದುಳಿದ ಖರ್ಜೂರದ ಬೀಜವೊಂದನ್ನೂ ಪಕ್ಕದ ಕುಂಡಕ್ಕೆ ಹಾಕಿದೆ. ಎರಡೂ ಮೊಳೆತವು, ಎರಡೂ ಹುಲ್ಲಿನ ಎಸಳಿನಂತೆಯೇ ಇದ್ದವು. ಬಲಗಡೆಯದು ಅಜ್ಜಿಯದು ಎಂದು ನೆನಪಿಟ್ಟುಕೊಂಡಿದ್ದೆ. ಸುಣ್ಣ ಬಳಿಯುವವರು ಕುಂಡಗಳನ್ನು ಎತ್ತಿಟ್ಟರು, ವಾಪಸ್ ತಂದಿಟ್ಟರು... ಬಲ ಎಡವಾಯಿತೋ, ಇದ್ದಲ್ಲೇ ಇತ್ತೋ, ನನ್ನ ತಲೆ ಕೆಟ್ಟು ಕೆರ ಹಿಡಿಯಿತು.

ಗೇಟಿನ ಪಕ್ಕ ಇದ್ದದ್ದು ಒಂದೇ ಗುಂಡಿಗೆ ಜಾಗ. ಚೆನ್ನಾಗಿ ಬೆಳೆದದ್ದನ್ನು ನೆಟ್ಟು ಇನ್ನೊಂದನ್ನು ಕಾಂಪೌಂಡ್ ಮೇಲಿಟ್ಟೆ. ಯಾರೋ ಒಯ್ದರು.

"ಇದು ನಮ್ದೇ ತಾನೆ?" ಎಂದು ಅಜ್ಜಿ ಕೇಳಿದರು.

"ನಿಮ್ದೇ ಅಜ್ಜಿ" ಎಂದೆ. ಸುಳ್ಳೋ ನಿಜವೋ ನನಗೇ ಗೊತ್ತಿರಲಿಲ್ಲ.

ಅಂದಿನಿಂದ ಅವರು ಅಕ್ಕಿ ತೊಳೆದ ನೀರೆಲ್ಲ ಅದರ ಬುಡಕ್ಕೇ. ಗಿಡ ಎದೆಯೆತ್ತರ ಬಂದಾಗ ಒಮ್ಮೆ ಗರಿ ಸವರಿ, "ಬಣ್ಣ ಒಂಥರಾ ಬೂದಿ ಬೂದಿ ಐತಲ್ಲ..." ಎಂದರು. ನನ್ನ ಮುಖವನ್ನೊಮ್ಮೆ ನೋಡಿದರು, ಚೊಂಬಿನ ನೀರು ಸುರಿದು ಒಳಗೆ ಹೋದರು. ಮತ್ತೆಂದೂ ಆ ಮಾತೆತ್ತಲಿಲ್ಲ.

ಅಜ್ಜಿ ತೀರಿಹೋಗಿ ಎರಡು ವರ್ಷವಾಯಿತು. ಇವತ್ತು ಹೊಸ ಪೊರಕೆಯಲ್ಲಿ ಮರದ ಬುಡ ಗುಡಿಸುವಾಗ ಮಣ್ಣಿನಿಂದ ಮರಿಯೊಂದು ತಲೆಯೆತ್ತಿದ್ದು ಕಂಡಿತು. ಬಾಳೆಯ ಹಾಗೆ ಬುಡದಲ್ಲಿ ಮರಿ ಹಾಕುವುದು ಖರ್ಜೂರ, ನಮ್ಮ ಈಚಲು ಒಂಟಿಯಾಗಿಯೇ ಬೆಳೆಯುತ್ತದೆ ಎಂದು ಹಿಂದೊಮ್ಮೆ ನರ್ಸರಿಯವರು ಹೇಳಿದ್ದರು. ಅಂದರೆ ಅಜ್ಜಿಯ ಈಚಲು ಇನ್ಯಾರದೋ ಮನೆಯಲ್ಲಿದೆ... ಬದುಕಿದ್ದರೆ.

ಈಚಲು ಮರಗಳ ನಡುವೆ ಬೆಳೆದವರಿಗೆ ಇದು ತಿಳಿಯದೆ ಇದ್ದೀತೆ? ತಿಳಿದಿದ್ದರೆ ಯಾಕೆ ಬೈಯಲಿಲ್ಲ? ತಿಳಿದೂ ದಿನಾ ಯಾಕೆ ನೀರು ಹಾಕಿದರು... ನನ್ನ ಮುಖ ನೋಡಿಯೇ? ಕೇಳೋಣವೆಂದರೆ ಅವರಿಲ್ಲ. ತಪ್ಪಾಯಿತು ಎನ್ನೋಣವೆಂದರೂ ಇಲ್ಲ.

ಒಳಗೆ ಹೋಗಿ ಅಕ್ಕಿ ತೊಳೆದೆ. ಆ ನೀರು ಹಿಡಿದು ಮರಿಯ ಮುಂದೆ ತುಂಬ ಹೊತ್ತು ನಿಂತೆ. ಆಮೇಲೆ ಸುರಿದೆ.