ಅಂಕಮ್ಮನ ಹಣೆ

ಅಂಕಮ್ಮ ಮಂಡ್ಯದ ಗುತ್ತಲಿನಲ್ಲಿ ನಮ್ಮ ಪಕ್ಕದ ಮನೆಯವಳು. ತಲೆಯ ಮೇಲೆ ಬುಟ್ಟಿ ಹೊತ್ತು ಸೊಪ್ಪು ಮಾರುತ್ತಿದ್ದಳು. ಗಂಡ ಜವರಯ್ಯನಿಗೆ ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಸಲ ಡಯಾಲಿಸಿಸ್. ಮನೆದೇವರಿಗೆ ಹರಕೆ ಹೊತ್ತು ಹೊತ್ತು ಸುಸ್ತಾದವಳನ್ನು ನಾನೇ ನಮ್ಮ ಪ್ರಾರ್ಥನಾ ಮನೆಗೆ ಕರೆದುಕೊಂಡು ಹೋದೆ. ಒಳ್ಳೇದು ಮಾಡಿದೆ ಅಂದುಕೊಂಡಿದ್ದೆ.

ಅವಳು ಅರ್ಧಂಬರ್ಧ ನಂಬುವ ಪೈಕಿ ಅಲ್ಲ. ಬುಟ್ಟಿ ಇಳಿಸಿದ ಕಡೆಯೆಲ್ಲ ಕಣ್ಣು ಮುಚ್ಚಿ ಯೇಸಪ್ಪನ ಹತ್ತಿರ ಮಾತಾಡುತ್ತಿದ್ದಳು, ಜಗಳವನ್ನೂ ಆಡುತ್ತಿದ್ದಳು. ಓದು ಬಾರದು. ನಾನು ಓದಿ ಹೇಳಿದ್ದನ್ನು ಒಂದಕ್ಷರ ಬಿಡದೆ ಗಂಡನಿಗೆ ಒಪ್ಪಿಸುತ್ತಿದ್ದಳು. ಮೂವತ್ತು ವರ್ಷದಿಂದ ಸಭೆಗೆ ಹೋಗುತ್ತಿರುವ ನನಗೆ ಅವಳ ಭಕ್ತಿ ಕಂಡು ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ತೊಡಕು ಒಂದೇ, ಹಣೆಯ ಕುಂಕುಮ. ಅದನ್ನು ಅವಳು ಇಟ್ಟುಕೊಳ್ಳುತ್ತಿರಲಿಲ್ಲ, ಜವರಯ್ಯ ಇಡುತ್ತಿದ್ದ. ಹಾಸಿಗೆ ಹಿಡಿದ ಮೇಲೆ ಹೆಂಡತಿಗೆ ಮಾಡಿಕೊಡಲು ಅವನಿಗೆ ಉಳಿದಿದ್ದ ಕೆಲಸ ಅದೊಂದೇ. ಬೆಳಿಗ್ಗೆ ಅವಳನ್ನು ಮುಂದೆ ಕೂರಿಸಿಕೊಂಡು, ನಡುಗುವ ಬೆರಳಲ್ಲಿ ಅಷ್ಟಗಲ ಇಡುತ್ತಿದ್ದ.

"ನೀನ್ ಯಾವ್ ದೇವ್ರುತಾವಾರ ಓಗು ಕಣಮ್ಮಿ. ನಾನಿರೋಗಂಟ ಇದೊಂದ ಅಳಿಸ್ಬ್ಯಾಡ," ಅಂದಿದ್ದ.

ನಮ್ಮ ಪ್ರಾರ್ಥನಾ ಮನೆಯಲ್ಲಿ ಕುಂಕುಮ ಕೂಡದು. ಅದಕ್ಕೆ ನಮ್ಮ ಹತ್ತಿರ ಉಪಾಯವಿತ್ತು. ಮನೆಮಂದಿಯ ಕಾಟಕ್ಕೆ ಹಚ್ಚಿಕೊಂಡ ಸ್ಟಿಕ್ಕರನ್ನು ಕಿತ್ತು ಬಾಗಿಲ ಚೌಕಟ್ಟಿಗೆ ಅಂಟಿಸಿ ಒಳಗೆ ಹೋಗುವುದು, ಹೊರಡುವಾಗ ಅವರವರದ್ದು ಅವರವರು ತೆಗೆದುಕೊಳ್ಳುವುದು. ಒಮ್ಮೊಮ್ಮೆ ಅದಲುಬದಲಾಗಿ ನಗುವುದೂ ಇತ್ತು.

"ನೀನೂ ಸೆರಗ್ನಲ್ಲಿ ಒರೆಸ್ಕಳೆ. ಮನೆತಾವ ಮತ್ತೆ ಇಟ್ಕಂಡ್ರಾಯ್ತು," ಎಂದೆ.

"ಯೇಸಪ್ಪಂಗೂ ಸುಳ್ಳು, ಗಂಡಂಗೂ ಸುಳ್ಳು. ನನ್ ಕೈಲಾಗಕಿಲ್ಲ ಕಣಕ್ಕ," ಅಂದಳು.

ಪಾಸ್ಟರ್ ಕನಕರಾಜು ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಯ ಸಭೆ ನೋಡಿಕೊಳ್ಳುವವರು. ನಮ್ಮಲ್ಲಿಗೆ ತಿಂಗಳ ಮೊದಲ ಭಾನುವಾರ ಬಂದು, ಯೇಸಪ್ಪನ ಕಡೇ ಊಟದ ನೆನಪಿಗೆ ಕರ್ತನ ಮೇಜಿನ ರೊಟ್ಟಿ, ದ್ರಾಕ್ಷಾರಸ ಕೊಡುತ್ತಾರೆ. ಹಾಸಿಗೆ ಹಿಡಿದಿದ್ದ ಗಂಡ ತಾನು ಆ ರೊಟ್ಟಿ ತಿಂದ ಮೇಲೆ ಎದ್ದು ಓಡಾಡಿದ ಅಂತ ಒಬ್ಬಾಕೆ ಸಾಕ್ಷಿ ಹೇಳಿದ್ದನ್ನು ಅಂಕಮ್ಮ ಗಟ್ಟಿಯಾಗಿ ಹಿಡಿದುಕೊಂಡಳು. ಒಂದೇ ಒಂದು ಸಲ ತನಗೂ ಸಿಕ್ಕಿದರೆ ಜವರಯ್ಯ ಉಳಿಯುತ್ತಾನೆ ಅನ್ನುವುದು ಅವಳ ನಂಬಿಕೆ. ಹಣೆಯ ಕುಂಕುಮ ಕಂಡು, ಎರಡು ತಿಂಗಳು ರೊಟ್ಟಿಯ ತಟ್ಟೆ ಅವಳನ್ನು ದಾಟಿಕೊಂಡು ಮುಂದಕ್ಕೆ ಹೋಯಿತು.

ಮೂರನೇ ತಿಂಗಳ ಹೊತ್ತಿಗೆ ಜವರಯ್ಯನ ಮೈ ಊದಿ ಮಾತು ನಿಂತಿತ್ತು. ಆ ಭಾನುವಾರವೂ ಅವಳೇ ಅವನ ಬೆರಳು ಹಿಡಿದು ಕುಂಕುಮ ಇಡಿಸಿಕೊಂಡು ಬಂದಿದ್ದಳು. ಎಲ್ಲರ ಮುಂದೆ ಮಂಡಿಯೂರಿ ಕೈ ಚಾಚಿದಳು.

"ಒಂದ್ ಚೂರು ಕೊಡಿ ಪಾಸ್ಟ್ರೇ. ಇಲ್ದಿದ್ರೆ ಅವ್ರು ಉಳಿಯಕಿಲ್ಲ."

"ಮೊದಲು ಹಣೆ ತೊಳ್ಕೊಂಡು ಬನ್ನಿ ಸಿಸ್ಟರ್," ಅಂದರು ಕನಕರಾಜು.

ಗದರಲಿಲ್ಲ, ಮೆತ್ತಗೆ ಅಂದರು. ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ದೇವರು ಮೈಮೇಲಿನದನ್ನು ನೋಡುವುದಿಲ್ಲ, ಎದೆಯೊಳಗಿನದನ್ನು ನೋಡುತ್ತಾನೆ ಅಂತ ಅರ್ಧ ಗಂಟೆ ಮುಂಚೆ ಪ್ರಸಂಗ ಮಾಡಿದ್ದ ಬಾಯಿ ಅದೇ. ನನ್ನ ಬಾಯಲ್ಲೂ ಆಗ ರೊಟ್ಟಿ ಇತ್ತು. ಸುಮ್ಮನೆ ನುಂಗಿದೆ.

ಬುಧವಾರ ಜವರಯ್ಯ ಹೋದ. ಅವನೂರು ಚಿಕ್ಕರಸಿನಕೆರೆಗೆ ಒಯ್ದು ಮಣ್ಣು ಮಾಡಿದರು. ಹನ್ನೊಂದನೇ ದಿನ ಮನೆತನದ ಹಿರಿಯ ವಿಧವೆಯರು ಅಂಕಮ್ಮನನ್ನು ನಡುವೆ ಕೂರಿಸಿ ಬಳೆ ಒಡೆದರು, ತಾಳಿ ತೆಗೆದರು. ಅವನ ಕೈಯಿಂದ ಇಡಿಸಿಕೊಂಡದ್ದು ಹೋಗಬಾರದೆಂದು ಅವಳು ಅಷ್ಟು ದಿನ ಹಣೆಗೆ ನೀರು ಸೋಕಿಸಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಅದನ್ನೂ ಒರೆಸಿದರು. "ಮೆತ್ತಗೆ ಒರೆಸ್ರವ್ವ," ಅಂತ ಬೇಡಿಕೊಂಡಳು. ನಾನು ಅಲ್ಲೇ ಇದ್ದೆ, ನೋಡಲಾಗಲಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ ಅವಳು ಬಂದು ಚಾಪೆಯ ತುದಿಯಲ್ಲಿ ಕೂತಳು. ಪಾಸ್ಟರಿಗೆ ಯಾರೂ ಸಾವಿನ ಸುದ್ದಿ ಮುಟ್ಟಿಸಿರಲಿಲ್ಲ. ಫೋನು ಮಿಕ್ಕವರು ಮಾಡಿರುತ್ತಾರೆ ಅಂತ ನಾನು, ನಾನು ಮಾಡಿರುತ್ತೇನೆ ಅಂತ ಮಿಕ್ಕವರು. ಬೋಳು ಹಣೆ, ಬರಿಗೈ ಕಂಡದ್ದೇ ಅವರ ಮುಖ ಅರಳಿತು.

"ಕರ್ತನಿಗೆ ಸ್ತೋತ್ರ! ನೋಡಿ, ನಮ್ಮ ಸಹೋದರಿ ಎಲ್ಲಾ ಬಿಟ್ಟು ಬಂದಿದ್ದಾರೆ!"

ಗೊತ್ತಿಲ್ಲದವರು ಚಪ್ಪಾಳೆ ತಟ್ಟಿದರು. ಗೊತ್ತಿದ್ದ ನಾವು ತಲೆ ತಗ್ಗಿಸಿದೆವು. ಪಾಸ್ಟರ್ ತಟ್ಟೆಯನ್ನು ಮೊದಲು ಅವಳ ಹತ್ತಿರವೇ ತಂದರು. ಅಂಕಮ್ಮ ಒಂದು ಚೂರು ಎತ್ತಿಕೊಂಡಳು.

"ಅಣೆ ನಾನ್ ಒರೆಸ್ಕಂಡಿದ್ದಲ್ಲ ಪಾಸ್ಟ್ರೇ. ಅವ್ರು ಓಗ್ಬುಟ್ರು. ಓದ್ ತಿಂಗ್ಳು ನನ್ನೆದೆ ತುಂಬ ಯೇಸಪ್ಪನೇ ಇದ್ದ, ನೀವ್ ಕೊಡ್ನಿಲ್ಲ. ಇವತ್ತು ಒಳಗೆ ಏನೂ ಇಲ್ಲ. ಇವತ್ತು ಕೊಡ್ತಾ ಇದ್ದೀರಲ್ಲ?"

ಚೂರನ್ನು ತಟ್ಟೆಗೇ ಹಾಕಿ ಎದ್ದು ಹೋದಳು. ಕನಕರಾಜು ತಟ್ಟೆಯನ್ನು ಪಕ್ಕದವರಿಗೆ ಚಾಚಿದರು. ನಾನು ಎದ್ದು ಅವಳ ಹಿಂದೆ ಓಡಬೇಕಿತ್ತು. ಓಡಲಿಲ್ಲ. ತಟ್ಟೆ ನನ್ನ ಸಾಲಿಗೆ ಬಂತು. ಬೇಡ ಅಂದರೆ ನಾಲ್ಕು ಜನ ಏನಂದುಕೊಳ್ಳುತ್ತಾರೋ ಅನ್ನಿಸಿ, ತೆಗೆದುಕೊಂಡು ತಿಂದೆ.