ಕಾರಣ ಕೇಳದ ಕಿಟಕಿ

ನಮ್ಮ ಮನೆಯ ಬೀರುವಿನ ಕೆಳಗಿನ ಖಾನೆಯಲ್ಲಿ ಹಸಿರು ಬಣ್ಣದ ಪ್ಲಾಸ್ಟಿಕ್ ಫೈಲೊಂದಿದೆ. ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ, ಬಣ್ಣ ಬೇರೆಯಿದ್ದೀತು, ಅಷ್ಟೆ. ಹತ್ತನೆಯ ತರಗತಿಯ ಅಂಕಪಟ್ಟಿಯಿಂದ ಮದುವೆಯ ಲಗ್ನಪತ್ರಿಕೆಯವರೆಗೆ ಎಲ್ಲದರ ಮೂಲಪ್ರತಿ, ಮೂಲಪ್ರತಿಯ ಜೆರಾಕ್ಸ್, ಜೆರಾಕ್ಸಿನ ಮೇಲೆ ಗೆಜೆಟೆಡ್ ಅಧಿಕಾರಿಯ ಸಹಿ, ಇಷ್ಟನ್ನೂ ನುಂಗಿ ಹೊಟ್ಟೆ ಉಬ್ಬಿಸಿಕೊಂಡು ಕುಳಿತಿರುವ ಈ ಫೈಲು ಚಿತ್ರದುರ್ಗದಿಂದ ಸ್ವೀಡನ್ನಿನ ಗೋಥೆನ್‌ಬರ್ಗಿಗೆ ನನ್ನ ಕೈಚೀಲದಲ್ಲೇ ಬಂತು. ಪೆಟ್ಟಿಗೆಯಲ್ಲಿ ಹಾಕಿದರೆ ವಿಮಾನದವರು ಕಳೆದುಬಿಟ್ಟಾರು ಎಂದು ಸೋದರಮಾವ ಹೆದರಿಸಿದ್ದರು. ಮಾವ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು. ಅವರ ಪಕ್ಕದಲ್ಲಿ ಕುಳಿತೇ ನಾನು ಬರೆಯುವುದನ್ನು ಕಲಿತದ್ದು. ಹಾಗಾಗಿ ಬೇರೆ ಮಕ್ಕಳು ಹಸುವಿನ ಮೇಲೆ ಪ್ರಬಂಧ ಬರೆಯುತ್ತಿದ್ದ ವಯಸ್ಸಿಗೆ ನನಗೆ ಸರಾಗವಾಗಿ ಬರುತ್ತಿದ್ದ ವಾಕ್ಯ ಒಂದೇ, 'ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ'. ಕಚೇರಿ ಎಂಬುದು ಮುನಿಸಿಕೊಂಡ ದೇವರು, ಅರ್ಜಿ ಅದರ ಸ್ತೋತ್ರ, ಕಾರಣವೇ ನೈವೇದ್ಯ. ಕಾರಣ ಗಟ್ಟಿಯಾಗಿಲ್ಲದಿದ್ದರೆ ದೇವರು ಕಣ್ಣು ಬಿಡುವುದಿಲ್ಲ, ಇದು ಮಾವ ಕಲಿಸಿದ ಶಾಸ್ತ್ರ.

ಈ ಶಾಸ್ತ್ರದ ಬಲದ ಮೇಲೆ, ಮತ್ತು ಇಲ್ಲಿಯ ಡಾಗಿಸ್ ಎಂಬ ಶಿಶುವಿಹಾರದಲ್ಲಿ ಮಕ್ಕಳ ಮೂಗೊರೆಸುತ್ತ ಕಲಿತ ಸ್ವೀಡಿಷ್ ಬಲದ ಮೇಲೆ, ಊರಿನ ಕನ್ನಡಿಗರ ಕಚೇರಿ ಕೆಲಸಕ್ಕೆಲ್ಲ ನಾನೇ ದುಭಾಷಿ. ಈ ಶತಮಾನದ ಮೊದಲ ದಶಕ ಅರ್ಧ ಕಳೆದಿದ್ದ ಒಂದು ಮಾರ್ಚಿ ತಿಂಗಳಲ್ಲಿ ವೀಣಾ ನನ್ನ ಹತ್ತಿರ ಬಂದದ್ದೂ ಹಾಗೆಯೇ.

ವೀಣಾ ಬೆಂಗಳೂರಿನವಳು, ಮೂವತ್ತು ದಾಟಿದವಳು, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ಗಂಡನ ಜೊತೆ ಬಂದು, ಇಲ್ಲಿಯೇ ವಿಚ್ಛೇದನವಾಗಿ, ಅವನು ವಾಪಸು ಹೋದ ಮೇಲೆ ಒಬ್ಬಳೇ ಉಳಿದಿದ್ದಳು. ಇದು ನನಗೊಬ್ಬಳಿಗೆ ಗೊತ್ತಿತ್ತು. ಯುಗಾದಿ ಕೂಟದಲ್ಲಿ ಯಾರಾದರೂ ವಿಚಾರಿಸಿದರೆ 'ಅವ್ರು ಇಂಡಿಯಾ ಪ್ರಾಜೆಕ್ಟಲ್ಲಿದಾರೆ' ಎನ್ನುತ್ತಿದ್ದಳು. ಆ ಪ್ರಾಜೆಕ್ಟು ಎಷ್ಟು ಯುಗಾದಿ ಕಳೆದರೂ ಮುಗಿಯಲಿಲ್ಲ.

ಈಗ, ಇದೇ ದೇಶದ ಹೆಲ್ಸಿಂಗ್‌ಬೋರ್ಯ್ ಎಂಬ ಊರಿನಲ್ಲಿ ಕೆಲಸದಲ್ಲಿದ್ದ ಶ್ರೀಧರ ಅವಳನ್ನು ಮದುವೆಯಾಗುತ್ತೇನೆ ಎಂದಿದ್ದ. ಅವನಿಗೆ ಎಲ್ಲ ತಿಳಿದಿತ್ತು, ಏನೂ ತಕರಾರಿರಲಿಲ್ಲ. ಆದರೆ ದಾವಣಗೆರೆಯಿಂದ ಬಂದಿದ್ದ ಅವನ ತಾಯಿ ಪದ್ಮಾವತಮ್ಮ, ಕೋರ್ಟಿನ ಕಾಗದವನ್ನು ಕಣ್ಣಾರೆ ನೋಡದೆ ತಾನು ಹೂಂ ಎನ್ನುವುದಿಲ್ಲ ಎಂದುಬಿಟ್ಟಿದ್ದರು. ಅವರನ್ನು ದೂರುವಂತಿಲ್ಲ, ಗಂಡಿನ ಕಡೆಯವರ ಬಾಯಿಮಾತು ನಂಬಿ ತಂಗಿಯ ಮಗಳನ್ನು ಕೊಟ್ಟು, ಆ ಹುಡುಗಿಯ ಬಾಳು ಮೂರಾಬಟ್ಟೆಯಾದದ್ದನ್ನು ನೋಡಿದ್ದ ಹೆಂಗಸು. ಶ್ರೀಧರನೂ ತಾಯಿಯ ಹೂಂ ಇಲ್ಲದೆ ಹೆಜ್ಜೆಯಿಡುವವನಲ್ಲ. ಕಾಗದ ತೋರಿಸೋಣವೆಂದರೆ, ಅಂಚೆಯಲ್ಲಿ ಬಂದ ದಿನವೇ ವೀಣಾ ಅದನ್ನು ಓದದೆ ಕಸಕ್ಕೆ ಹಾಕಿದ್ದಳು. ಊರಿನಲ್ಲಿ ಅವಳ ಸೋದರತ್ತೆಯ ಮಗಳ ವಿಚ್ಛೇದನದ ತೀರ್ಪನ್ನು ಮನೆಮಂದಿಯೆಲ್ಲ ಸುತ್ತ ಕುಳಿತು ಓದಿದ್ದರಂತೆ. ಅಡಿಗೆ ಬಾರದ್ದು, ಅತ್ತೆಗೆ ಎದುರಾಡಿದ್ದು, ಎಲ್ಲವೂ ಸರ್ಕಾರಿ ಮೊಹರಿನ ಕೆಳಗೆ ಅಚ್ಚಾಗಿತ್ತಂತೆ. ತನ್ನದರಲ್ಲಿ ಏನೇನು ಬರೆದಿದೆಯೋ, ಅದನ್ನು ಪದ್ಮಾವತಮ್ಮನವರ ಮುಂದೆ ಯಾವ ಮುಖ ಹೊತ್ತು ಹಿಡಿಯುವುದೋ ಎಂಬುದೇ ಅವಳ ಭಯ.

ಮೊದಲು ತೆರಿಗೆ ಇಲಾಖೆಗೆ ಹೋದೆವು. ಈ ದೇಶದಲ್ಲಿ ಹುಟ್ಟು, ಸಾವು, ಮದುವೆ ಎಲ್ಲದರ ಲೆಕ್ಕ ಇಡುವವರು ತೆರಿಗೆಯವರೇ. ಈಕೆ ವಿಚ್ಛೇದಿತೆ ಎಂಬ ಪ್ರಮಾಣಪತ್ರವನ್ನು ಈಗಲೇ ಕೊಡುತ್ತೇವೆ, ತೀರ್ಪೇ ಬೇಕೆಂದರೆ ಅರ್ಜಿ ಹಾಕಿದಾಗ ಯಾವ ಊರಿನಲ್ಲಿದ್ದಿರೋ ಆ ಊರಿನ ಜಿಲ್ಲಾ ನ್ಯಾಯಾಲಯದಲ್ಲಿ ಕೇಳಿ ಎಂದರು. ನಮ್ಮ ಪುಣ್ಯ, ಊರು ಇದೇ.

ನ್ಯಾಯಾಲಯ ಎಂದ ಮೇಲೆ ಬರಿಗೈಯಲ್ಲಿ ಹೋಗಲಾದೀತೇ? ಒಂದು ಸಂಜೆ ಕುಳಿತು, ಮಾವನನ್ನು ನೆನೆದು, ವಿಷಯ, ಉಲ್ಲೇಖ, ವಿನಂತಿಗಳೊಡನೆ ಸ್ವೀಡಿಷ್‌ನಲ್ಲಿ ಅರ್ಜಿ ಬರೆದೆ. ಕಾರಣ ಏನು ಕೊಡುವುದೆಂದು ಟ್ರಾಮಿನಲ್ಲಿ ಚರ್ಚೆಯಾಯಿತು. ವೀಸಾಗೆ ಬೇಕಂತೆ ಅಂತ ಹೇಳಿಬಿಡೋಣ ಎಂದು ವೀಣಾ, ನ್ಯಾಯಾಲಯದಲ್ಲಿ ಸುಳ್ಳು ಬೇಡ ಎಂದು ನಾನು. ಕೊನೆಗೆ 'ಅನಿವಾರ್ಯ ಕೌಟುಂಬಿಕ ಕಾರಣ'ವೆಂಬ, ಸುಳ್ಳೂ ಅಲ್ಲದ ನಿಜವೂ ಅಲ್ಲದ ಮಾತಿಗೆ ಇಬ್ಬರೂ ಒಪ್ಪಿದೆವು. ಅವಳ ಫೈಲೂ ಬಂದಿತ್ತು, ಇರಲಿ ಎಂದು ನನ್ನ ಫೈಲೂ ಬಂದಿತ್ತು.

ಕಿಟಕಿಯ ಆಚೆ ಬೂದು ಸ್ವೆಟರಿನ ಹೆಂಗಸೊಬ್ಬಳು ಕುಳಿತಿದ್ದಳು. ನಾನು ವೀಣಾಳ ಪಾಸ್‌ಪೋರ್ಟು ಒಳಗೆ ಸರಿಸಿ, ಅರ್ಜಿ ಸರಿಸಿ, ಗಂಟಲು ಸರಿಮಾಡಿಕೊಂಡು, ಈಕೆಯ ಜೀವನದಲ್ಲಿ ಇತ್ತೀಚೆಗೆ ಒದಗಿಬಂದಿರುವ ಪರಿಸ್ಥಿತಿಯೇನೆಂದರೆ ಎಂದು ಪೀಠಿಕೆ ಹಾಕಿದೆ. ಅವಳು ಮೆಲ್ಲನೆ ಕೈಯೆತ್ತಿ ತಡೆದಳು. ಪಾಸ್‌ಪೋರ್ಟು ತೆರೆಯದೆಯೇ ಹಿಂದಕ್ಕೆ ಬಂತು.

"ಅದನ್ನೆಲ್ಲ ನೀವು ನನಗೆ ಹೇಳಬೇಕಾಗಿಲ್ಲ" ಎಂದಳು. "ನೀವು ಯಾರು, ಯಾಕೆ ಬೇಕು ಎಂದು ನಾನು ಕೇಳುವ ಹಾಗೂ ಇಲ್ಲ. ದಂಪತಿಗಳ ಹೆಸರು, ಯಾವ ವರ್ಷ, ಇಷ್ಟು ಸಾಕು."

ಗೆಳೆಯರೇ, ಆ ಗಳಿಗೆಯಲ್ಲಿ ನನಗಾದ ನಿರಾಶೆಯನ್ನು ಹೇಗೆ ವರ್ಣಿಸಲಿ. ಜೀವಮಾನದ ವಿದ್ಯೆಯೆಲ್ಲ ನೀರಿನಲ್ಲಿಟ್ಟ ಹೋಮವಾಯಿತು. ಆದರೆ ವೀಣಾಳ ಮುಖ ಬೆಳ್ಳಗಾಗಿತ್ತು.

"ಅಂದ್ರೆ ಯಾರು ಬೇಕಾದ್ರೂ ಬಂದು ನಂದು ಕೇಳಬಹುದಾ ಅಕ್ಕ? ಕೇಳಿ ಅವರನ್ನ."

ಕೇಳಿದೆ. ಯಾರು ಬೇಕಾದರೂ, ಎಂದಳು ಆ ಹೆಂಗಸು, ಇದರಲ್ಲಿ ವಿಶೇಷವೇನು ಎಂಬಂತೆ. ಆಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ: ತೀರ್ಪು ಅಂತಿಮವಾಗಿದೆ ಎಂಬ ಮುದ್ರೆಯೂ ಬೇಕೇ, ಹೊರದೇಶಗಳಲ್ಲಿ ಅದನ್ನು ಕೇಳುವುದುಂಟು. ಬೇಕು ಎಂದೆವು.

ಪ್ರತಿ ಬರುವವರೆಗೆ ಬೆಂಚಿನ ಮೇಲೆ ಕುಳಿತು ನಾನು ಯೋಚಿಸಿದೆ. ವೀಣಾ ಯಾವ ಗುಟ್ಟನ್ನು ಉಸಿರು ಬಿಗಿಹಿಡಿದು ಕಾಯ್ದಿದ್ದಳೋ ಅದು ಇಷ್ಟು ಕಾಲವೂ ಊರ ನಡುವೆ, ಬೀಗವಿಲ್ಲದ ಮನೆಯಂತೆ, ತೆರೆದೇ ಇತ್ತು. ಒಬ್ಬರೂ ಒಳಗೆ ಇಣುಕಿರಲಿಲ್ಲ. ನಮ್ಮ ಕಡೆ ಕಾಗದಗಳಿಗೆ ಭದ್ರ ಬೀಗ, ನಾಲಗೆಗೆ ಬೀಗವಿಲ್ಲ. ಕಚೇರಿಯಲ್ಲಿ ದಕ್ಕದ ಕಡತದ ಸಾರಾಂಶ ಕಟ್ಟೆಯ ಮೇಲೆ ಬಿಟ್ಟಿಯಾಗಿ ಸಿಗುತ್ತದೆ, ಅದೂ ಮಸಾಲೆ ಸಮೇತ. ಈ ಚಳಿಯ ಜನ ಕಾಗದವನ್ನು ಬಯಲಿನಲ್ಲಿಟ್ಟು ಕುತೂಹಲವನ್ನು ಮನೆಯಲ್ಲಿ ಬಿಟ್ಟು ಬರುತ್ತಾರೆ. ಅವರಿಗೆ ಕುತೂಹಲವೇ ಇಲ್ಲವೆಂದು ನಾನು ನಂಬುವುದಿಲ್ಲ. ಜೊತೆಯಲ್ಲಿ ಕೆಲಸ ಮಾಡುವವರು ಫಿಕಾ ಎಂಬ ಕಾಫಿ ವಿರಾಮದಲ್ಲಿ ಮಾತಾಡುವುದನ್ನು ಕೇಳಿದ್ದೇನೆ. ಆದರೂ ನೋಡುವ ಹಕ್ಕನ್ನು ಎಲ್ಲರಿಗೂ ಕೊಟ್ಟು, ಯಾಕೆ ನೋಡುತ್ತೀ ಎಂದು ಕೇಳುವ ಹಕ್ಕನ್ನು ಅಧಿಕಾರಿಯಿಂದ ಕಿತ್ತುಕೊಂಡವರಾರೋ, ಅವರು ಮನುಷ್ಯರನ್ನು ಚೆನ್ನಾಗಿ ಬಲ್ಲವರೇ ಇರಬೇಕು.

ಕಾಗದ ಬಂತು. ವೀಣಾ ಅದನ್ನು ನನ್ನ ಕೈಗಿಟ್ಟು, ಕೆಟ್ಟದ್ದೇನಾದರೂ ಇದ್ದರೆ ಒಂದೇ ಸಲಕ್ಕೆ ಹೇಳಿಬಿಡಿ ಅಂದಳು. ಇಬ್ಬರ ಹೆಸರು, ವಿಳಾಸ. ಇಬ್ಬರೂ ಕೂಡಿ ಅರ್ಜಿ ಹಾಕಿದ್ದಾರೆ. ನ್ಯಾಯಾಲಯ ಇವರಿಗೆ ವಿಚ್ಛೇದನ ನೀಡಿದೆ. ಕೆಳಗೆ ಸಹಿ, ಮುದ್ರೆ.

"ಅಷ್ಟೇನಾ?" ಎಂದಳು.

ಅಷ್ಟೇ ಎಂದೆ. ಯಾರ ತಪ್ಪು ಎಂಬ ಪ್ರಶ್ನೆಯನ್ನೇ ಇಲ್ಲಿಯ ಕಾನೂನು ಕೇಳುವುದಿಲ್ಲ. ಅವಳು ಹಗುರಾಗುತ್ತಾಳೆಂದು ಕಾದರೆ ಇನ್ನಷ್ಟು ಕುಗ್ಗಿದಳು. "ಇದನ್ನ ತೋರಿಸಿದ್ರೆ ಮಿಕ್ಕಿದ ಪೇಜೆಲ್ಲಾ ಎಲ್ಲಿ ಬಚ್ಚಿಟ್ಟಿದೀಯ ಅಂತಾರಕ್ಕ."

ಅವಳ ಮಾತು ಸುಳ್ಳಾಗಲಿಲ್ಲ. ಶನಿವಾರ ನಮ್ಮ ಮನೆಗೆ ಬಂದ ಪದ್ಮಾವತಮ್ಮ, ನಾನು ಓದಿ ಅರ್ಥ ಹೇಳಿದ್ದನ್ನೆಲ್ಲ ಗಮನವಿಟ್ಟು ಕೇಳಿ, ಕನ್ನಡಕ ಹಾಕಿಕೊಂಡು, ಹಾಳೆಯನ್ನು ಹಿಂದು ಮುಂದು ತಿರುಗಿಸಿ ನೋಡಿದರು.

"ಮುಂದೆ ಓದು ತಂಗಿ" ಎಂದರು.

"ಮುಂದೆ ಇಲ್ಲಮ್ಮ."

"ಒಂದು ಸಂಸಾರ ಮುರಿದದ್ದಕ್ಕೆ ಇಷ್ಟೇ ಬರೀತಾರೇನು? ನಮ್ಮ ಕಡೆ ಹೊಲದ ಬದುವಿನ ಜಗಳಕ್ಕೂ ಇದಕ್ಕಿಂತ ಜಾಸ್ತಿ ಬರೀತಾರೆ."

ಉತ್ತರ ಕೊಟ್ಟವಳು ಅಲ್ಲಿಯವರೆಗೆ ತಲೆ ತಗ್ಗಿಸಿ ಕುಳಿತಿದ್ದ ವೀಣಾ. "ನೀವೇ ಹೋಗಿ ಕೇಳಿ ಅಮ್ಮ. ನನ್ನ ಪರ್ಮಿಷನ್ ಬೇಕಾಗಿಲ್ಲ. ಎಷ್ಟು ಪೇಜಿದೆಯೋ ಅಷ್ಟೂ ನಿಮ್ಮ ಕೈಗೇ ಕೊಡ್ತಾರೆ." ಮೊನ್ನೆ ಯಾವ ಕಾನೂನು ಕೇಳಿ ಬಿಳುಪೇರಿದ್ದಳೋ ಅದನ್ನೇ ಈಗ ಹುಡುಗಿ ಮುಂದಕ್ಕೆ ಹಿಡಿದಿದ್ದಳು.

ಪದ್ಮಾವತಮ್ಮ ಬಿಡುವವರಲ್ಲ. ಸೋಮವಾರ ಇಳಕಲ್ ಸೀರೆಯ ಮೇಲೆ ಮಗನ ದಪ್ಪ ಕೋಟು ತೊಟ್ಟು ನನ್ನೊಡನೆ ನ್ಯಾಯಾಲಯಕ್ಕೆ ಹೊರಟರು. ವೀಣಾ ರಜೆ ಹಾಕಿ ಬಂದಳು, ಆದರೆ ಕಿಟಕಿಯ ಹತ್ತಿರ ಬರದೆ ಬೆಂಚಿನಲ್ಲೇ ಉಳಿದಳು. ಅದೇ ಸ್ವೆಟರಿನ ಹೆಂಗಸು. ಮುದುಕಿಯನ್ನು ಅವಳು ಯಾರೆಂದು ಕೇಳಲಿಲ್ಲ, ಆ ಹುಡುಗಿಗೆ ಏನಾಗಬೇಕೆಂದು ಕೇಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅದೇ ಕಾಗದ, ಅಷ್ಟೇ ಗಾತ್ರದಲ್ಲಿ, ಪದ್ಮಾವತಮ್ಮನವರ ಕೈಗೆ ಬಂತು. ಅವರು ಎರಡೂ ಪ್ರತಿಗಳನ್ನು ಅಕ್ಕಪಕ್ಕ ಹಿಡಿದು, ಭಾಷೆ ಬಾರದಿದ್ದರೂ ಸಾಲಿಗೆ ಸಾಲು ಬೆರಳಿಟ್ಟು ನೋಡಿದರು. ಮತ್ತೆ ನನ್ನ ಕಡೆ ತಿರುಗಿ, ತಮ್ಮ ಮಗನ ಹೆಸರಿನಲ್ಲಿ ಇಂಥದೇನಾದರೂ ಇದ್ದರೆ ಆ ಹುಡುಗಿಗೂ ಕೊಡುತ್ತಾರೇನು, ಕೇಳು ಎಂದರು. ಕೊಡುತ್ತಾರಂತೆ ಎಂದೆ. ತಲೆಯಾಡಿಸಿ, ಬೆಂಚಿನ ಹತ್ತಿರ ಹೋಗಿ ವೀಣಾಳ ಪಕ್ಕ ಕುಳಿತರು.

"ನಿಂದು ನಾ ನೋಡಿದೆ. ನೀನೂ ಅವಂದು ಕೇಳಿ ನೋಡವ್ವ. ನಾ ಏನೂ ಅನ್ಕೊಳ್ಳಲ್ಲ."

"ಬೇಡಮ್ಮ."

"ಯಾಕೆ?"

ವೀಣಾ ಒಮ್ಮೆ ಕಿಟಕಿಯ ಕಡೆ ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ತುಂಟತನ ಕಂಡಿತು. "ಇಲ್ಲಿ ಕಾರಣ ಕೇಳೋ ಹಾಗಿಲ್ಲಮ್ಮ."

ಪದ್ಮಾವತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನ್ಯಾಯಾಲಯದ ಆ ಮೌನದಲ್ಲಿ ನಗು ಜೋರಾಗಿಯೇ ಕೇಳಿಸಿರಬೇಕು, ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಎರಡೂ ಪ್ರತಿಗಳನ್ನು ಸೇರಿಸಿ ನೀಟಾಗಿ ಮಡಿಚಿ ವೀಣಾಳ ಮಡಿಲಲ್ಲಿಟ್ಟರು.

"ಜೋಪಾನವಾಗಿಡು. ನಮ್ಮೂರ ರಿಜಿಸ್ಟ್ರಾರ್ ಆಫೀಸಿನಾಗೆ ಕೇಳೇ ಕೇಳ್ತಾರೆ."

ಹೇಳಿದವರೇ ಎದ್ದು ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದರು. ಆ ಮಾತಿನೊಳಗಿದ್ದ ಹೂಂ ನನಗೆ ಕೇಳಿಸಿತ್ತು. ವೀಣಾಳಿಗೆ ಅದು ಮುಟ್ಟಲು ಇನ್ನೊಂದು ಕ್ಷಣ ಬೇಕಾಯಿತು.